ಲುಪ್ತಾಕ್ಷರಗಳನ್ನು ತುಂಬುವ ಬಗೆ: ರೋಗ, ರಹಸ್ಯ ಮತ್ತು ಸಂಚಿನ ಕಥೆಯೊಂದರ ವಿಮರ್ಶೆ

೧

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ದೂರದರ್ಶನದ ಕಥೆಯೊಂದರ ವಿಮರ್ಶೆಗೆ ಎಡೆಯುಂಟೆ ಎಂಬ ಶಂಕೆ ವಾಚಕರಲ್ಲಿ ಕೆಲವರಿಗಾದರೂ ತಲೆದೋರದಿರದು. ಶಾಸನ, ಕಡತ, ಕೈಫಿಯತ್ತುಗಳ ನಡುವೆ ಕಾಲ ಕಳೆಯುವವರಿಗೆ ಇದು ಹಗುರವಾದ ವಿಷಯವೆಂದು ತೋರುವುದು ಸಹಜ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ನಮ್ಮ ತರಗತಿಗಳಿಗೆ ಬರುವ ತರುಣರು ಸಾಕ್ಷ್ಯವೆಂದರೇನು, ಪುರಾವೆಯೆಂದರೇನು ಎಂಬುದರ ಮೊದಲ ಪಾಠವನ್ನು ಪರದೆಯ ಮೇಲಿನ ಕಥೆಗಳಿಂದ ಕಲಿತೇ ಬಂದಿರುತ್ತಾರೆ. ನಾವು ಕಲಿಸುವುದು ಎರಡನೆಯ ಪಾಠ. ಮೊದಲ ಗುರು ಏನನ್ನು ಕಲಿಸಿದ್ದಾನೆಂದು ತಿಳಿಯದೆ ಎರಡನೆಯ ಗುರು ತನ್ನ ಕೆಲಸವನ್ನು ನೆರವೇರಿಸಲಾರ.

ಈ ಬರಹಕ್ಕೆ ನಿಮಿತ್ತವಾದದ್ದು ನಮ್ಮ ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ. ಸಾಂಕ್ರಾಮಿಕ ರೋಗ, ಸರಕಾರದ ಗುಟ್ಟು, ಅದರ ಬೆನ್ನು ಹತ್ತುವ ಅಧಿಕಾರಿಗಳು - ಇಷ್ಟನ್ನು ಹೆಣೆದ ಅಮೆರಿಕದ ಕಥೆಯೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಅದರಲ್ಲಿ ಯಾವುದು ಸಾಕ್ಷ್ಯ, ಯಾವುದು ಊಹೆ ಎಂದು ವಿಂಗಡಿಸಲು ಹೇಳಿದ್ದೆವು. ಚಿಂಚೋಳಿ ಸೀಮೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಸರಕಾರ ಒಂದು ಮಾತು ಮುಚ್ಚಿಟ್ಟಿದ್ದು ಖರೇ ಅಂದಮ್ಯಾಲ ಉಳಿದದ್ದೂ ಖರೇನೇ ಇರಬೇಕಲ್ರಿ?"

ತರಗತಿ ಸುಮ್ಮನಾಯಿತು. ನಾವೂ ಆ ಗಳಿಗೆಯಲ್ಲಿ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ೨೦೨೧ರಲ್ಲಿ ಆಕೆಯ ತಂದೆ, ಲಸಿಕೆಯ ಹೆಸರಿನಲ್ಲಿ ಬೇರೇನನ್ನೋ ಚುಚ್ಚುತ್ತಾರೆಂಬ ಮಾತನ್ನು ನಂಬಿ, ಲಸಿಕೆಯವರು ಊರಿಗೆ ಬಂದ ದಿನ ಹೊಲಕ್ಕೆ ಹೋಗಿಬಿಟ್ಟಿದ್ದರೆಂದೂ, ಆ ಬೇಸಗೆಯನ್ನು ಅವರು ದಾಟಲಿಲ್ಲವೆಂದೂ ನಮಗೆ ತಿಳಿದದ್ದು ಆಮೇಲೆ. ಆಕೆಯ ಪ್ರಶ್ನೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇವೆ.

೨

ವಿಮರ್ಶೆಗೆ ಎತ್ತಿಕೊಂಡದ್ದು 'ದಿ ಎಕ್ಸ್-ಫೈಲ್ಸ್' ಎಂಬ ಧಾರಾವಾಹಿಯ 'ಎಫ್. ಇಮ್ಯಾಸ್ಕ್ಯುಲೇಟಾ' ಎಂಬ ಕಂತು. ಕ್ರಿಸ್ ಕಾರ್ಟರ್ ಮತ್ತು ಹೋವರ್ಡ್ ಗಾರ್ಡನ್ ಬರೆದು, ರಾಬ್ ಬೋಮನ್ ನಿರ್ದೇಶಿಸಿದ ಈ ಕಥೆ ೧೯೯೫ರ ಏಪ್ರಿಲ್ ೨೮ರಂದು ಮೊದಲು ಪ್ರಸಾರವಾಯಿತು. ಕಥೆಯ ಸಾರ ಇಷ್ಟು: ಕೋಸ್ಟರಿಕಾದ ಮಳೆಕಾಡಿನಲ್ಲಿ ಕೀಟಶಾಸ್ತ್ರಜ್ಞನೊಬ್ಬನಿಗೆ ಕಾಡುಹಂದಿಯ ಹೆಣ ಕಾಣುತ್ತದೆ. ಅದರ ಮೈಮೇಲಿನ ಬೊಕ್ಕೆಯೊಂದು ಒಡೆದು ಅವನ ಮುಖಕ್ಕೆ ಸಿಡಿಯುತ್ತದೆ. ಅವನೂ ಅದೇ ಬೊಕ್ಕೆಗಳೆದ್ದು ಸಾಯುತ್ತಾನೆ. ಕೆಲವು ಕಾಲದ ಮೇಲೆ ಅಮೆರಿಕದ ವರ್ಜೀನಿಯಾ ಪ್ರಾಂತದ ಸೆರೆಮನೆಯೊಂದರ ಕೈದಿಗೆ ಅಂಚೆಯಲ್ಲಿ ಒಂದು ಪೊಟ್ಟಣ ಬರುತ್ತದೆ. ಒಳಗಿರುವುದು ಬೊಕ್ಕೆ ತುಂಬಿದ ಹಂದಿಯ ಕಾಲು. ಸೆರೆಮನೆಯಲ್ಲಿ ರೋಗ ಹಬ್ಬುತ್ತದೆ. ಸತ್ತ ಕೈದಿಯ ಕೋಣೆಯನ್ನು ತೊಳೆದ ಇಬ್ಬರು ಕೈದಿಗಳು ತಪ್ಪಿಸಿಕೊಂಡು ಊರೊಳಗೆ ಸೇರುತ್ತಾರೆ.

ತನಿಖೆಯ ಅಧಿಕಾರಿಗಳಿಬ್ಬರಲ್ಲಿ ವೈದ್ಯೆಯಾದ ಸ್ಕಲ್ಲಿ ಸೆರೆಮನೆಯಲ್ಲಿ ರೋಗದ ಮೂಲವನ್ನು ಹುಡುಕಿದರೆ, ಮಲ್ಡರ್ ಓಡಿಹೋದವರನ್ನು ಅಟ್ಟುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ, ಔಷಧ ತಯಾರಿಸುವ ಕಂಪನಿಯೊಂದು ಸರಕಾರದ ಕೆಲವರ ಸಮ್ಮತಿಯಿಂದ ಕೈದಿಗಳ ಮೇಲೆ ಈ ಪ್ರಯೋಗವನ್ನು ನಡೆಸಿದೆ. ಆದರೆ ಹೆಣಗಳನ್ನು ಸುಟ್ಟಾಗಿದೆ. ಬಾಯಿ ಬಿಡಬಹುದಾಗಿದ್ದ ಕೈದಿ ಗುಂಡಿಗೆ ಬಲಿಯಾಗಿದ್ದಾನೆ. ಸತ್ತ ಶಾಸ್ತ್ರಜ್ಞನದೂ ಪೊಟ್ಟಣ ಪಡೆದ ಕೈದಿಯದೂ ಒಂದೇ ಹೆಸರಾಗಿರುವುದರಿಂದ ಎಲ್ಲವನ್ನೂ ಅಂಚೆಯ ತಪ್ಪೆಂದು ಸಾಧಿಸಲು ದಾರಿ ತೆರೆದಿದೆ. ಇಬ್ಬರೂ ಬರಿಗೈಯಲ್ಲಿ ಉಳಿಯುತ್ತಾರೆ.

ಈ ಕಥೆಯ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಯಾರ ಮಾತಿಗೆ ಬೆಲೆಯಿಲ್ಲವೋ ಅವರ ಮೈಯೇ ಪ್ರಯೋಗಶಾಲೆಯಾಗುತ್ತದೆ ಎಂಬ ಕಠೋರ ಸತ್ಯವನ್ನು ಅದು ಹಿಡಿದಿದೆ. ಇದು ಕವಿಕಲ್ಪನೆಯಲ್ಲ. ಅಮೆರಿಕದ ಟಸ್ಕೀಗಿಯಲ್ಲಿ ೧೯೩೨ರಿಂದ ೧೯೭೨ರವರೆಗೆ ಸರಕಾರಿ ಆರೋಗ್ಯ ಇಲಾಖೆಯೇ ಬಡ ಕರಿಯ ಜನರಲ್ಲಿದ್ದ ಮೇಹರೋಗಕ್ಕೆ ಚಿಕಿತ್ಸೆ ಕೊಡದೆ, ಅದರ ಗತಿಯನ್ನು ನೋಡುತ್ತ ಕುಳಿತಿತ್ತು. ಇಂತಹ ಚರಿತ್ರೆಯುಳ್ಳ ದೇಶದ ಪ್ರೇಕ್ಷಕನು ಸರಕಾರವನ್ನು ಶಂಕಿಸಿದರೆ ಅವನನ್ನು ಅವಿವೇಕಿಯೆನ್ನಲಾಗದು. ಸತ್ಯವನ್ನು ಒಡನೆಯೇ ಸಾರಬೇಕೆನ್ನುವ ಮಲ್ಡರನಿಗೂ, ಪೂರ್ತಿ ತಿಳಿಯದೆ ಸಾರಿದರೆ ಜನ ದಿಕ್ಕೆಟ್ಟಾರೆಂದು ಹಿಂಜರಿಯುವ ಸ್ಕಲ್ಲಿಗೂ ನಡೆಯುವ ವಾದವಂತೂ ನಮ್ಮ ವಿದ್ಯಾರ್ಥಿಗಳೆಲ್ಲರೂ ಓದಬೇಕಾದ ಪಾಠದಂತಿದೆ.

೩

ದೋಷವಿರುವುದು ಬೇರೊಂದು ಕಡೆ. ಸಾಕ್ಷ್ಯವಿಲ್ಲದಿರುವುದನ್ನೇ ಈ ಕಥೆ ಸಾಕ್ಷ್ಯವನ್ನಾಗಿ ಮಾಡುತ್ತದೆ. ಹೆಣ ಸುಟ್ಟದ್ದು ಸಂಚಿಗೆ ಪ್ರಮಾಣ, ಕಾಗದ ಸಿಕ್ಕದಿರುವುದು ಸಂಚಿಗೆ ಪ್ರಮಾಣ, ಅಧಿಕಾರಿಯ ಮೌನವೂ ಸಂಚಿಗೆ ಪ್ರಮಾಣ. ಕಥೆಗಾರನು ನಮಗೆ ಮೊದಲೇ ಕಾಡನ್ನೂ ಪೊಟ್ಟಣವನ್ನೂ ತೋರಿಸಿರುವುದರಿಂದ ನಾವು ಇದನ್ನು ಒಪ್ಪಿಕೊಂಡುಬಿಡುತ್ತೇವೆ. ಆದರೆ ಚರಿತ್ರೆಯಲ್ಲಿ ಹಾಗೆ ಮೊದಲೇ ತೋರಿಸುವವರು ಯಾರೂ ಇಲ್ಲ. ಕಥೆಯ ಪ್ರೇಕ್ಷಕನಿಗೆ ದೊರೆತ ನಿಶ್ಚಯವನ್ನು ಲೋಕದ ವ್ಯವಹಾರಕ್ಕೆ ಹೊತ್ತು ತರುವುದರಲ್ಲಿಯೇ ಅಪಾಯವಿದೆ.

ಇದನ್ನು ನಮ್ಮ ಸೀಮೆಯ ಒಂದು ಕಲ್ಲಿನಿಂದ ವಿವರಿಸಬಹುದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ೧೯೮೬ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನವಿರುವುದು ಗೋಚರವಾಯಿತೆಂಬುದು ವಾಚಕರಿಗೆ ವಿದಿತವೇ ಇದೆ. ವಿಗ್ರಹವನ್ನು ನಿಲ್ಲಿಸಲು ಯಾರೋ ಹಿಂದೆ ಆ ಚಪ್ಪಡಿಯ ನಡುವೆ ಚೌಕವಾದ ಕುಳಿಯನ್ನು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದುವು. ಈ ಲುಪ್ತಾಕ್ಷರಗಳ ವಿಷಯದಲ್ಲಿ ಶಾಸನತಜ್ಞನು ಏನು ಮಾಡುತ್ತಾನೆ? ಅದೇ ಶಾಸನದ ಬೇರೆ ಪ್ರತಿಗಳು ಬೇರೆಡೆ ದೊರೆತಿದ್ದರೆ ಅವುಗಳ ಆಧಾರದಿಂದ ತುಂಬಿ, ತಾನು ತುಂಬಿದ್ದೆಂದು ಗುರುತು ಹಾಕುತ್ತಾನೆ. ಆಧಾರವಿಲ್ಲದೆಡೆ ಚುಕ್ಕಿಗಳನ್ನಿಟ್ಟು ಮುಂದಕ್ಕೆ ಹೋಗುತ್ತಾನೆ. ಅಕ್ಷರ ಹೋಗಿದೆ ಎಂಬುದು ಅಲ್ಲಿ ಅಕ್ಷರವಿತ್ತೆಂಬುದಕ್ಕೆ ಪ್ರಮಾಣ. ಯಾವ ಅಕ್ಷರವಿತ್ತೆಂಬುದಕ್ಕೆ ಪ್ರಮಾಣವಲ್ಲ. ಸಂಚಿನ ಕಥೆಗಾರನು ಮಾತ್ರ ಕುಳಿಯನ್ನು ಕಂಡೊಡನೆ ತನ್ನ ಮನಸ್ಸಿನಲ್ಲಿರುವ ಅಕ್ಷರವನ್ನೇ ಅಲ್ಲಿ ಓದುತ್ತಾನೆ.

೪

ಈ ವಿವೇಕವನ್ನು ಪರೀಕ್ಷಿಸಲು ಕನ್ನಡನಾಡಿನಲ್ಲಿಯೇ ಒಂದು ನಿಜವಾದ ಪ್ರಸಂಗವಿದೆ. ಮೇಲಿನ ಕಥೆಗೂ ಅದಕ್ಕೂ ಇರುವ ಸಾಮ್ಯ ಆಶ್ಚರ್ಯಕರವಾದುದು: ಅಲ್ಲಿಯೂ ಕಾಡು, ಪ್ರಾಣಿಯ ಹೆಣ, ರಕ್ತ ಹೀರುವ ಜಂತು, ಪರದೇಶದ ಶಾಸ್ತ್ರಜ್ಞರು, ಹೇಳದೆ ಉಳಿಸಿದ ಮಾತು.

೧೯೫೭ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದುವು. ಕಾಡಿಗೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಹೋಗುತ್ತಿದ್ದ ಹಳ್ಳಿಗರು ತೀವ್ರ ಜ್ವರ, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ, ಇವುಗಳಿಂದ ಮಲಗಿದರು. ಮೊದಮೊದಲು ಇದನ್ನು ವಿಷಮಶೀತ ಜ್ವರವೆಂದು ಭಾವಿಸಲಾಗಿತ್ತು. ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನ ಕೇಂದ್ರವನ್ನು ಮುಟ್ಟಿದಾಗ ಬೇರೊಂದು ಭೀತಿ ಹುಟ್ಟಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರವು ಅದುವರೆಗೆ ಕಾಲಿಡದಿದ್ದ ಏಷ್ಯವನ್ನು ಹೊಕ್ಕಿತೇ ಎಂಬುದೇ ಆ ಭೀತಿ.

ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ೧೯೫೨ರಲ್ಲಿ ಸ್ಥಾಪಿಸಿದ್ದ ಈ ಕೇಂದ್ರಕ್ಕೆ ಆಗ ಟೆಲ್ಫರ್ಡ್ ವರ್ಕ್ ಎಂಬ ಅಮೆರಿಕನ್ ವಿಜ್ಞಾನಿ ನಿರ್ದೇಶಕರಾಗಿದ್ದರು. ಅವರೂ ಅವರ ಸಂಗಡಿಗರೂ ಪರೀಕ್ಷಿಸಿ ನೋಡಿದಾಗ ಅದು ಹಳದಿ ಜ್ವರವಲ್ಲವೆಂದೂ, ರಷ್ಯದ ಕಾಡುಗಳಲ್ಲಿ ಕಾಣುವ ಮೆದುಳುಜ್ವರದ ವೈರಸ್ಸಿನ ಗುಂಪಿಗೆ ಸೇರಿದ ಹೊಸ ವೈರಸ್ಸೆಂದೂ, ಉಣ್ಣೆಯ ಕಡಿತದಿಂದ ಮನುಷ್ಯರಿಗೆ ತಗಲುತ್ತದೆಂದೂ ಗೊತ್ತಾಯಿತು. ಊರಿನ ಜನ ಅದನ್ನು ಮಂಗನ ಕಾಯಿಲೆಯೆಂದರು. ವೈದ್ಯಶಾಸ್ತ್ರ ಕ್ಯಾಸನೂರು ಕಾಡಿನ ಕಾಯಿಲೆಯೆಂದು ದಾಖಲಿಸಿತು.

ರಷ್ಯದ ವೈರಸ್ಸಿನ ಬಂಧು ಸೊರಬದ ಕಾಡಿಗೆ ಬಂದದ್ದು ಹೇಗೆ? ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೆಂದು ಒಂದು ಊಹೆ ಹೊರಟಿತು. ಅದನ್ನು ಪರೀಕ್ಷಿಸಲು ಮುಂಬಯಿಯ ಪ್ರಕೃತಿ ಚರಿತ್ರೆ ಸಂಘವು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯವನ್ನು ಕೈಗೊಂಡಿತು. ಮುಂದೆ ಈ ಕೆಲಸಕ್ಕೆ ಬಂದ ಹಣದಲ್ಲಿ ಒಂದು ಭಾಗದ ಮೂಲ ಅಮೆರಿಕದ ಸೈನ್ಯವಾಗಿತ್ತು. ಶೀತಲ ಸಮರದ ಕಾಲ ಅದು. ಅಮೆರಿಕವು ರೋಗಾಣುಗಳನ್ನು ಆಯುಧವಾಗಿ ಸಿದ್ಧಪಡಿಸುವ ಕಾರ್ಯವನ್ನು ತಾನು ತ್ಯಜಿಸಿದುದಾಗಿ ಘೋಷಿಸಿದ್ದು ೧೯೬೯ರಲ್ಲಿ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು ೧೯೭೫ರ ಮಾರ್ಚಿಯಲ್ಲಿ. ಆ ಕಾಲದಲ್ಲಿ ಪರದೇಶದ ಸೈನ್ಯವೊಂದು ನಮ್ಮ ಹಕ್ಕಿಗಳ ರಕ್ತವನ್ನೂ ಉಣ್ಣೆಗಳನ್ನೂ ಕುರಿತು ಆಸಕ್ತಿ ತಾಳಿದರೆ, ಅದೇಕೆಂದು ಕೇಳುವುದು ನಾಗರಿಕನ ಧರ್ಮವೇ ಸರಿ.

ಆ ಪ್ರಶ್ನೆಯನ್ನು ಸಂಸತ್ತು ಕೇಳಿತು. ೧೯೭೪ರಲ್ಲಿ ವೃತ್ತಪತ್ರಿಕೆಗಳಲ್ಲಿ ಎದ್ದ ಚರ್ಚೆಯ ಬಳಿಕ, ಜ್ಯೋತಿರ್ಮಯ ಬಸು ಅವರ ಅಧ್ಯಕ್ಷತೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಐದನೆಯ ಲೋಕಸಭೆಗೆ ೧೯೭೫ರಲ್ಲಿ ಸಲ್ಲಿಸಿದ ತನ್ನ ೧೬೭ನೆಯ ವರದಿಯಲ್ಲಿ, ಪರದೇಶೀಯರು ಪಾಲುಗೊಂಡ ಸಂಶೋಧನೆಗಳನ್ನು ವಿಚಾರಣೆಗೆ ಒಳಪಡಿಸಿತು. ಹಕ್ಕಿಗಳ ಅಧ್ಯಯನವೂ ದಿಲ್ಲಿಯ ಸೊಳ್ಳೆ ನಿಯಂತ್ರಣ ಘಟಕವೂ ಅದರಲ್ಲಿ ಸೇರಿದ್ದುವು. ಇಂತಹ ಕಾರ್ಯಗಳಿಂದ ದೊರೆತ ಮಾಹಿತಿ ಜೈವಿಕ ಯುದ್ಧಕ್ಕೆ ಉಪಯೋಗವಾದೀತೆಂಬ ಆತಂಕವನ್ನು ಸಮಿತಿ ಮುಚ್ಚುಮರೆಯಿಲ್ಲದೆ ಸೂಚಿಸಿತು. ಸೊಳ್ಳೆಯ ಘಟಕ ಅದೇ ವರ್ಷ ಮುಚ್ಚಿತು.

೫

ಇಲ್ಲಿಗೆ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಸೈನ್ಯದ ಹಣ ಬಂದದ್ದು ಖರೆ. ಅದನ್ನು ಕುರಿತು ದೇಶದ ಜನರಿಗೆ ತಕ್ಕಷ್ಟು ತಿಳಿಸದಿದ್ದುದೂ ಖರೆ. ಹಾಗಾದರೆ ಮಂಗನ ಕಾಯಿಲೆಯನ್ನು ಯಾರೋ ತಂದು ಬಿಟ್ಟರೆಂಬ ಮಾತೂ ಖರೆಯಾಗಬೇಕೆ?

ಆಗಬೇಕಾಗಿಲ್ಲ. ಮೊದಲನೆಯದಾಗಿ, ೧೯೫೭ಕ್ಕೆ ಮೊದಲೇ, ೧೯೫೨ರ ಸುಮಾರಿಗೆ, ಕಛ್ ಮತ್ತು ಸೌರಾಷ್ಟ್ರದ ಜನರಿಂದ ಸಂಗ್ರಹಿಸಿದ್ದ ರಕ್ತದಲ್ಲಿಯೂ ಇದೇ ಗುಂಪಿನ ವೈರಸ್ಸನ್ನು ಎದುರಿಸಿದ ಕುರುಹು ದೊರೆತಿತ್ತು. ಎರಡನೆಯದಾಗಿ, ಹಕ್ಕಿಗಳಿಗೆ ಸೈನ್ಯದ ಹಣ ಬಂದದ್ದು ರೋಗ ಗೊತ್ತಾದ ಮೇಲೆ. ಹಿಂದಿನ ಕಾರ್ಯಕ್ಕೆ ಮುಂದಿನ ಸಂಗತಿಯನ್ನು ಕಾರಣವಾಗಿ ಹೇಳಲು ಬಾರದು. ಮೂರನೆಯದಾಗಿ, ಸೌದಿ ಅರೇಬಿಯದಲ್ಲಿ ದೊರೆತ ಅಲ್ಖುರ್ಮಾ ಎಂಬ ವೈರಸ್ಸು ಇದರ ಅತಿ ಸಮೀಪದ ಬಂಧು. ಇವೆರಡೂ ಯಾವಾಗ ಬೇರೆಯಾದುವೆಂದು ಲೆಕ್ಕ ಹಾಕಿದ ೨೦೦೯ರ ಒಂದು ಅಧ್ಯಯನ ೧೯೪೦ರ ದಶಕವನ್ನು ಸೂಚಿಸಿತ್ತು. ಈ ಮಾತಷ್ಟನ್ನೇ ಕಿತ್ತುಕೊಂಡರೆ ಸಂಚಿನ ಕಥೆಗೆ ಒಳ್ಳೆಯ ಮೇವು ದೊರೆತೀತು. ಆದರೆ ವೈರಸ್ಸುಗಳ ಸಂಪೂರ್ಣ ಅನುವಂಶಿಕ ರಚನೆಯನ್ನು ಹೋಲಿಸಿದ ೨೦೧೧ರ ಅಧ್ಯಯನ ಅವು ಬೇರೆಯಾಗಿ ಸುಮಾರು ೭೦೦ ವರ್ಷಗಳಾದುವೆಂದು ತೋರಿಸಿತು. ಒಂದೇ ಪ್ರತಿಯನ್ನು ನಂಬದೆ ಪಾಠಾಂತರಗಳನ್ನು ನೋಡಬೇಕೆಂದು ನಾವು ಗ್ರಂಥಸಂಪಾದನೆಯಲ್ಲಿ ಹೇಳುವುದು ಇದನ್ನೇ.

ರೋಗ ೧೯೫೭ರಲ್ಲಿ ಏಕೆ ಹೊರಬಿತ್ತೆಂಬುದಕ್ಕೆ ವಿದ್ವಾಂಸರು ಕೊಡುವ ಉತ್ತರದಲ್ಲಿ ಖಳನಾಯಕನಿಲ್ಲ. ಕಾಡು ಕಡಿದು ಗದ್ದೆ ತೋಟಗಳಾದುವು. ಕಾಡಂಚಿಗೆ ಜನ ಬಂದರು, ಅವರೊಡನೆ ದನ ಬಂದುವು. ದನಗಳ ಮೈಯಲ್ಲಿ ಉಣ್ಣೆಗಳು ಹೆಚ್ಚಿದುವು. ಕಾಡಿನೊಳಗೇ ಸುತ್ತುತ್ತಿದ್ದ ವೈರಸ್ಸಿಗೆ ಮನುಷ್ಯನ ಹಾದಿ ಸಿಕ್ಕಿತು. ೧೯೮೨ರಿಂದ ಎರಡು ವರ್ಷ ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆ ಕಾಡು ಕಡಿದ ಪ್ರದೇಶದಲ್ಲಿ ರೋಗ ಎದ್ದು ನೂರಕ್ಕೂ ಮಿಕ್ಕಿ ಜನ ಸತ್ತದ್ದು ಈ ವಿವರಣೆಯನ್ನು ಬಲಪಡಿಸುತ್ತದೆ.

ಹಾಗೆಂದು ಸರಕಾರ ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ನಿಜವಾದ ದೋಷ ಮತ್ತೊಂದು ಎಡೆಯಲ್ಲಿತ್ತು. ಈ ರೋಗಕ್ಕೆ ೧೯೯೦ರ ಸುಮಾರಿನಿಂದ ಮಲೆನಾಡಿನಲ್ಲಿ ಒಂದು ಲಸಿಕೆಯನ್ನು ಹಾಕಲಾಗುತ್ತಿತ್ತು. ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಸಲ ಹಾಕಿಸಿಕೊಂಡವರಿಗೆ ಅದರಿಂದ ದೊರೆಯುವ ರಕ್ಷಣೆ ನೂರಕ್ಕೆ ಸುಮಾರು ೬೨, ಮೂರನೆಯದನ್ನೂ ಹಾಕಿಸಿಕೊಂಡವರಿಗೆ ಸುಮಾರು ೮೩ ಎಂದು ತಿಳಿಸಿತು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಸಾವುಗಳಾದುವು. ೨೦೨೨ರಲ್ಲಿ, ಲಸಿಕೆಯ ಶಕ್ತಿ ಸಾಲದೆಂದು, ಅದರ ಬಳಕೆಯೇ ನಿಂತಿತು. ರೋಗ ಗೊತ್ತಾಗಿ ೬೫ ವರ್ಷಗಳಾಗಿದ್ದರೂ ಕಾಡಂಚಿನ ಕೂಲಿಗಾರನ ಕೈಯಲ್ಲಿ ನೆಚ್ಚತಕ್ಕ ಲಸಿಕೆಯಿರಲಿಲ್ಲ. ಇದನ್ನು ಯಾರೂ ಬಚ್ಚಿಡಲಿಲ್ಲ. ಎಲ್ಲವೂ ಅಚ್ಚಾಗಿಯೇ ಇತ್ತು. ಓದುವವರಿರಲಿಲ್ಲ, ಅಷ್ಟೆ. ಸಂಚಿಗೆ ಗುಟ್ಟು ಬೇಕು. ಅಲಕ್ಷ್ಯವಾದರೋ ಹಗಲು ಬೆಳಕಿನಲ್ಲಿಯೇ ನಡೆಯುತ್ತದೆ. 'ಎಫ್. ಇಮ್ಯಾಸ್ಕ್ಯುಲೇಟಾ'ದಂತಹ ಕಥೆಗಳಿಗೆ ಇದು ವಸ್ತುವಾಗದಿರುವುದು ಅವುಗಳ ದೊಡ್ಡ ಕೊರತೆಯೆಂದು ನಮ್ಮ ಅಭಿಪ್ರಾಯ.

೬

ಸರಕಾರಗಳು ನಿಜವಾಗಿ ಸಂಚು ಹೂಡಿದಾಗ ಅದನ್ನು ಬಯಲಿಗೆಳೆಯುವ ಬಗೆ ಯಾವುದು ಎಂದು ಕೇಳಬಹುದು. ಅದಕ್ಕೂ ನಿದರ್ಶನವಿದೆ. ೧೯೭೯ರ ಏಪ್ರಿಲಿನಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೋವ್ಸ್ಕ್ ನಗರದಲ್ಲಿ ನೆರಡಿ ರೋಗದಿಂದ ೬೦ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಮಾಂಸವೇ ಕಾರಣವೆಂದು ಸರಕಾರ ವರ್ಷಗಟ್ಟಲೆ ಸಾಧಿಸಿತು. ಸೈನ್ಯದ ಪ್ರಯೋಗಶಾಲೆಯಿಂದ ರೋಗಾಣು ಸೋರಿತ್ತೆಂಬುದನ್ನು ಮ್ಯಾಥ್ಯೂ ಮೆಸೆಲ್ಸನ್ ಮತ್ತು ಸಂಗಡಿಗರು ೧೯೯೪ರಲ್ಲಿ ಸ್ಥಾಪಿಸಿದರು. ಅವರು ಸರಕಾರದ ಮೌನವನ್ನು ಪ್ರಮಾಣವೆಂದು ಹಿಡಿಯಲಿಲ್ಲ. ಸತ್ತವರ ಮನೆಮಂದಿಯನ್ನು ಕಂಡು, ಆ ದಿನ ಯಾರು ಎಲ್ಲಿದ್ದರೆಂದು ನಕಾಶೆಯಲ್ಲಿ ಗುರುತು ಮಾಡಿ, ಅಂದು ಗಾಳಿ ಬೀಸಿದ ದಿಕ್ಕಿನೊಡನೆ ಹೋಲಿಸಿದರು. ಪ್ರಯೋಗಶಾಲೆಯಿಂದ ಗಾಳಿ ಬೀಸಿದ ಕಡೆಗೆ ಒಂದು ಕಿರಿದಾದ ಪಟ್ಟಿಯಲ್ಲಿ ಸಾವುಗಳು ಸಾಲಾಗಿ ಬಿದ್ದಿದ್ದುವು. ಸಾಕ್ಷ್ಯವನ್ನು ಸುಟ್ಟರೂ ಸತ್ತವರ ಹೆಸರು ಉಳಿಯುತ್ತದೆ. ಅವರನ್ನು ಬಲ್ಲವರು ಉಳಿಯುತ್ತಾರೆ. ನಮ್ಮ ಕಂತಿನ ಅಧಿಕಾರಿಗಳು ಕೈದಿಗಳ ಮನೆಮಂದಿಯಲ್ಲಿ ಒಬ್ಬರನ್ನಾದರೂ ಕುಳ್ಳಿರಿಸಿ ಅವರ ಹೇಳಿಕೆಯನ್ನು ಬರೆದುಕೊಂಡಿದ್ದರೆ ಬರಿಗೈಯಾಗುತ್ತಿರಲಿಲ್ಲ.

ಈ ದೃಷ್ಟಿಯಿಂದ, ೨೦೧೮ರ ಕೋಳಿಕ್ಕೋಡಿನ ನಿಪಾ ಜ್ವರವನ್ನು ಕುರಿತು ಆಶಿಕ್ ಅಬು ನಿರ್ದೇಶಿಸಿದ 'ವೈರಸ್' ಎಂಬ ೨೦೧೯ರ ಮಲಯಾಳ ಚಲಚ್ಚಿತ್ರವು ಮೇಲ್ಮಟ್ಟದ್ದು. ಇದು ಶತ್ರುಗಳ ಜೈವಿಕ ದಾಳಿಯಿರಬಹುದೆಂಬ ಶಂಕೆ ಅದರಲ್ಲಿಯೂ ಏಳುತ್ತದೆ. ಆದರೆ ತರುಣ ವೈದ್ಯೆಯೊಬ್ಬಳು ರೋಗಿಗಳು ಯಾರನ್ನು ಎಲ್ಲಿ ಸಂಧಿಸಿದ್ದರೆಂದು ಒಂದೊಂದಾಗಿ ಕೂಡಿಸುತ್ತ ಹೋಗಿ ಬಾವಲಿಯ ಮರಿಯನ್ನು ಮುಟ್ಟಿದ ಪ್ರಕೃತಿಪ್ರಿಯನಾದ ಮೊದಲ ರೋಗಿಯವರೆಗೆ ತಲಪುತ್ತಾಳೆ. ಶಂಕೆಯನ್ನು ಅಲ್ಲಿ ಯಾರೂ ಹಾಸ್ಯ ಮಾಡುವುದಿಲ್ಲ, ಪರೀಕ್ಷಿಸಿ ಬಿಟ್ಟುಕೊಡುತ್ತಾರೆ.

೭

ನಮ್ಮ ಸೀಮೆಗೆ ಈ ವಿಚಾರ ದೂರದ್ದಲ್ಲ. ಬೇನೆ ಬಂದಾಗ ಮಾರಿಯನ್ನು ಊರ ಗಡಿ ದಾಟಿಸಿ ಬರುವ ಪದ್ಧತಿಯನ್ನು ನಮ್ಮ ಹಿರಿಯರು ಬಲ್ಲರು. ರೋಗ ನಮ್ಮದಲ್ಲ, ಆಚೆಯ ಊರಿನದು ಎಂಬ ಭಾವ ಅದರಲ್ಲಿ ಅಡಗಿದೆ. ೧೮೯೭ರ ಪ್ಲೇಗಿನ ಕಾಲದಲ್ಲಿ ಮುಂಬಯಿ ಪುಣೆಗಳ ಜನ, ಆಸ್ಪತ್ರೆಗೆ ಒಯ್ದವರನ್ನು ಸರಕಾರವೇ ಕೊಲ್ಲಿಸುತ್ತದೆಂದು ಆಡಿಕೊಂಡರು. ಮನೆ ಹೊಕ್ಕು ಹೆಂಗಸರು ಮಕ್ಕಳೆನ್ನದೆ ತಪಾಸಣೆ ನಡೆಸಿದ ಆಡಳಿತದ ದರ್ಪವೇ ಆ ಮಾತಿಗೆ ನೀರೆರೆಯಿತು. ದೇಶದಲ್ಲಿ ಕೋವಿಡ್ಡಿನ ಮೊದಲ ಸಾವೆಂದು ದಾಖಲಾದದ್ದು ೨೦೨೦ರ ಮಾರ್ಚ್ ೧೦ರಂದು ನಮ್ಮ ಕಲಬುರಗಿಯಲ್ಲಿ. ಆ ವಾರದಿಂದಲೇ ವಾಡಿಯ ರೈಲು ನಿಲ್ದಾಣದಲ್ಲಿ, ಶಹಾಬಾದದ ಚಹದಂಗಡಿಗಳಲ್ಲಿ, ಸೇಡಂ ಚಿತ್ತಾಪುರಗಳ ಬಸ್ಸುಗಳಲ್ಲಿ ಎಂತೆಂತಹ ಮಾತುಗಳು ಹರಿದಾಡಿದುವೆಂಬುದನ್ನು ನಾವೆಲ್ಲರೂ ಕೇಳಿದ್ದೇವೆ. ಒಬ್ಬರಿಗೆ ಅದು ಪರದೇಶದ ಅಸ್ತ್ರ, ಇನ್ನೊಬ್ಬರಿಗೆ ಆಚೆಯ ಓಣಿಯವರ ಕೃತ್ಯ, ಮತ್ತೊಬ್ಬರಿಗೆ ಔಷಧದ ವ್ಯಾಪಾರಿಗಳ ಹೂಟ. ಈ ಮಾತುಗಳಲ್ಲಿ ಯಾವುದೂ ಒಬ್ಬ ರೋಗಿಯನ್ನೂ ಉಳಿಸಲಿಲ್ಲ. ಕೆಲವರನ್ನು ಆಸ್ಪತ್ರೆಯಿಂದ ದೂರವಿಟ್ಟಿತು.

ಆದುದರಿಂದ ಆ ವಿದ್ಯಾರ್ಥಿನಿಗೆ ನಮ್ಮ ಉತ್ತರ ಇಷ್ಟು. ಸರಕಾರ ಮುಚ್ಚಿಟ್ಟಿತೆಂದರೆ, ಮುಚ್ಚಿಟ್ಟಿತೆಂಬುದಷ್ಟೇ ಸಿದ್ಧವಾಯಿತು. ಏನನ್ನು ಮುಚ್ಚಿಟ್ಟಿತೆಂಬುದನ್ನು ಬೇರೆಯಾಗಿಯೇ ಸಾಧಿಸಬೇಕು. ಏಕೆ ಮುಚ್ಚಿಟ್ಟಿತೆಂಬುದನ್ನು ಅದಕ್ಕಿಂತ ಬೇರೆಯಾಗಿ ಸಾಧಿಸಬೇಕು. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವವನು, ಅವನು ಕಥೆಗಾರನಿರಲಿ, ಅಧಿಕಾರಿಯಿರಲಿ, ನಮ್ಮನ್ನು ಯೋಚನೆಯಿಂದ ತಪ್ಪಿಸುತ್ತಾನೆ. ಸರಕಾರದ ಕಡೆಗೂ ನಾವು ಹೇಳಬೇಕಾದ ಮಾತೊಂದಿದೆ: ಪ್ರಶ್ನೆ ಕೇಳಿದವನನ್ನು ಗದರಿಸಿ ಕಳುಹಿಸುವ ಕಚೇರಿಯೇ ಸುಳ್ಳು ಸುದ್ದಿಯ ಮೊದಲ ಅಚ್ಚುಕೂಟ. ನಂಬಿಕೆ ಎಂಬುದು ಬೇಡಿ ಪಡೆಯುವ ವಸ್ತುವಲ್ಲ. ಕಡತವನ್ನು ತೆರೆದು ತೋರಿಸಿ ಗಳಿಸತಕ್ಕದ್ದು.

ಬರುವ ವರ್ಷ ಈ ಐದು ಊರುಗಳ ವಿದ್ಯಾರ್ಥಿಗಳಿಂದ, ೨೦೨೦ ಮತ್ತು ೨೦೨೧ರಲ್ಲಿ ಅವರವರ ಊರಿನಲ್ಲಿ ಕೇಳಿಬಂದ ಮಾತುಗಳನ್ನು, ಯಾರಿಂದ, ಯಾವಾಗ, ಹೇಗೆ ಬಂತೆಂಬ ವಿವರದೊಡನೆ ಬರೆಯಿಸಿ ಸಂಗ್ರಹಿಸಬೇಕೆಂದು ಯೋಚಿಸಿದ್ದೇವೆ. ಹೆಸರು ಬೇಡವೆಂದವರ ಹೆಸರನ್ನು ಬಿಡಲಾಗುವುದು. ತಿಳಿಯದೆಡೆಯಲ್ಲಿ ಚುಕ್ಕಿಗಳನ್ನಿಡಲು ಅವರಿಗೆ ಹೇಳಿದ್ದೇವೆ. ಮೊದಲ ಬರಹವನ್ನು ಆ ಚಿಂಚೋಳಿಯ ವಿದ್ಯಾರ್ಥಿನಿಯೇ ತಂದು ಕೊಟ್ಟಿದ್ದಾಳೆ. ಅದರಲ್ಲಿ ಅವಳ ತಂದೆಗೆ ಆ ಮಾತನ್ನು ಹೇಳಿದವರು ಯಾರೆಂಬ ಎಡೆಯಲ್ಲಿ ಮೂರು ಚುಕ್ಕಿಗಳಿವೆ.